ಮತದಾನವೂ ಶ್ರಾವಕನ ಲೆಕ್ಕವೂ

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಕ್ಷೇತ್ರಗಳಿಗೆ ಮೇ 7ರಂದು ಮತದಾನ ನಡೆಯಿತು. ಅದಕ್ಕೆ ಕೆಲವು ದಿನ ಮೊದಲು ನಮ್ಮೂರ ಬಸದಿಯ ಸ್ವಾಧ್ಯಾಯದಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಗುಣವ್ರತಗಳ ಪಾಠ ನಡೆದಿತ್ತು. ಪಾಠ ಮುಗಿಸಿ ಹೊರಡುವಾಗ ತರುಣನೊಬ್ಬ ನನ್ನನ್ನು ತಡೆದು ಕೇಳಿದ: “ಕಾಕಾ, ದೊಡ್ಡ ಪಕ್ಷಗಳೆಲ್ಲ ಸೈನ್ಯ ಬಲಪಡಿಸ್ತೀವಿ ಅಂತಾವ. ಅಹಿಂಸಾ ಪರಮಧರ್ಮ ಅನ್ನೋ ನಾವು ಯಾರಿಗೆ ಓಟು ಹಾಕಬೇಕ್ರಿ?”

ಧಾರ್ಮಿಕ ಸ್ಥಳಗಳನ್ನು ರಾಜಕೀಯಕ್ಕೆ ಬಳಸಬಾರದೆಂದು 1988ರ ಕಾಯಿದೆಯೇ ಇದೆ. “ಬಸದಿಯೊಳಗೆ ಆ ಮಾತು ಬೇಡಪ್ಪ” ಎಂದು ಹೇಳಿ ಮನೆಗೆ ಬಂದೆ. ಕಾಯಿದೆಯ ಮಾತು ನಿಜವೇ ಆಗಿದ್ದರೂ ಅದು ನನಗೆ ನೆಪವಾಗಿ ಒದಗಿತೆಂಬುದು ಕೂಡ ನಿಜ. ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ವಿದ್ವಾಂಸರು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ ಮನೆಯಲ್ಲಿ, ವೃತ್ತಿಯಲ್ಲಿ, ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗಿ ಘಟಿಸುವ ಹಿಂಸೆಯನ್ನು ಗೃಹಸ್ಥನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಕೊಲ್ಲುವ ಸಂಕಲ್ಪದಿಂದಲೇ ಮಾಡುವ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. ಖಡ್ಗ ಹಿಡಿದವನನ್ನು ನಮ್ಮ ಸಮಾಜ ಹೊರಗಿಡಲಿಲ್ಲ. ಆದರೆ ಅವನು ಬೆಟ್ಟದ ಮೇಲೆ ನಿಲ್ಲಿಸಿದ್ದು ಗೆದ್ದೂ ರಾಜ್ಯವನ್ನು ಬಿಟ್ಟುಕೊಟ್ಟ ಬಾಹುಬಲಿಯನ್ನು ಎಂಬುದನ್ನು ಮರೆಯಲಾಗದು. ಆದುದರಿಂದ ದೇಶಕ್ಕೆ ಸೈನ್ಯವೇ ಬೇಡವೆನ್ನುವ ಅಧಿಕಾರ ನನಗಿಲ್ಲ. ಅದಕ್ಕೆ ಆಗುವ ಖರ್ಚನ್ನು ನೋಡದೆ ಕಣ್ಣು ಮುಚ್ಚುವ ಅಧಿಕಾರವೂ ಇಲ್ಲ.

ವ್ಯಾಪಾರಿಯಾದ ನಾನು ಲೆಕ್ಕದಿಂದಲೇ ಆರಂಭಿಸಿದೆ. 2024ರ ಫೆಬ್ರುವರಿಯ ಮಧ್ಯಂತರ ಆಯವ್ಯಯದಲ್ಲಿ ರಕ್ಷಣಾ ಸಚಿವಾಲಯಕ್ಕೆ ಸುಮಾರು 6,21,541 ಕೋಟಿ ರೂಪಾಯಿ ಇಟ್ಟಿದ್ದರು. ಕೇಂದ್ರ ಸರಕಾರ ವೆಚ್ಚ ಮಾಡುವ ಪ್ರತಿ 100 ರೂಪಾಯಿಯಲ್ಲಿ ಇದು 13 ರೂಪಾಯಿಯಾಯಿತು. ಅದೇ ಆಯವ್ಯಯದಲ್ಲಿ ಆರೋಗ್ಯ ಸಚಿವಾಲಯಕ್ಕೆ ದೊರೆತದ್ದು ಸುಮಾರು 90,000 ಕೋಟಿ. ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮೊದಲು ನನ್ನ ಮನಸ್ಸು ಕುದಿಯಿತು. ಆದರೆ ಒಟ್ಟು ಮೊತ್ತವನ್ನಷ್ಟೇ ನೋಡಿ ತೀರ್ಮಾನಿಸುವವನು ಒಳ್ಳೆಯ ಲೆಕ್ಕಿಗನಲ್ಲ. ಒಳಗಿನ ಬಾಬುಗಳನ್ನು ಬಿಡಿಸಿದೆ. ರಕ್ಷಣೆಯ ಪ್ರತಿ 100 ರೂಪಾಯಿಯಲ್ಲಿ ಸುಮಾರು 31 ಸಂಬಳ ಮತ್ತು ಭತ್ಯೆಗಳಿಗೆ, 23 ನಿವೃತ್ತಿವೇತನಕ್ಕೆ, 28 ಹೊಸ ಶಸ್ತ್ರಸಾಮಗ್ರಿ ಮೊದಲಾದ ಬಂಡವಾಳ ವೆಚ್ಚಕ್ಕೆ; ಉಳಿದದ್ದು ಪಡಿತರ, ಇಂಧನ, ದುರಸ್ತಿ ಇತ್ಯಾದಿಗಳಿಗೆ. ಅಂದರೆ ಅರ್ಧಕ್ಕಿಂತ ಹೆಚ್ಚು ಹಣ ಮನುಷ್ಯರ ಸಂಬಳಕ್ಕೂ ಮುಪ್ಪಿಗೂ ಹೋಗುತ್ತಿತ್ತು. ‘ಶಸ್ತ್ರಕ್ಕೆ ಸುರಿಯುವ ಹಣ’ವೆಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ.

ಪಕ್ಷಗಳ ನಡುವೆ ನಿಜವಾದ ಭೇದ ಕಂಡದ್ದು ಈ ಮನುಷ್ಯರ ವಿಷಯದಲ್ಲಿಯೇ. ಭಾರತೀಯ ಜನತಾ ಪಕ್ಷದ ನೇತೃತ್ವದ ಸರಕಾರ 2022ರ ಜೂನ್‌ನಲ್ಲಿ ತಂದ ಅಗ್ನಿಪಥ ಯೋಜನೆಯಂತೆ ಯೋಧರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಂಡು, ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಮುಂದುವರಿಸಬೇಕು. ಕಾಂಗ್ರೆಸ್ ಪಕ್ಷವು ಅದನ್ನು ರದ್ದುಪಡಿಸುವುದಾಗಿ ಪ್ರಣಾಳಿಕೆಯಲ್ಲಿ ಹೇಳಿತ್ತು. ಸೈನ್ಯ ತರುಣವಾಗಿರಬೇಕೆಂಬುದು ಒಂದು ವಾದ. ಪ್ರಾಣವನ್ನೇ ಪಣಕ್ಕಿಡುವವನ ಮುಂದಿನ ಬದುಕಿನ ಹೊಣೆ ದೇಶದ್ದೆಂಬುದು ಇನ್ನೊಂದು ವಾದ. ಎರಡರಲ್ಲಿಯೂ ಸತ್ಯಾಂಶವಿದೆಯೆಂದು ಅನೇಕಾಂತವನ್ನು ನಂಬಿದವನು ಒಪ್ಪಲೇಬೇಕು. ಅಣ್ವಸ್ತ್ರಗಳ ನಿರ್ಮೂಲನೆಯ ಮಾತನ್ನು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ ಆಡಿತ್ತು. ಆದರೆ ನಮ್ಮ ಕ್ಷೇತ್ರದಲ್ಲಿ ಅದರ ಅಭ್ಯರ್ಥಿ ಇರಲಿಲ್ಲ.

ಇನ್ನೊಂದು ವಿಷಯದಲ್ಲಿ ಭೇದವೇ ಕಾಣಲಿಲ್ಲ. ಚುನಾವಣೆಯ ಕಾವಿನಲ್ಲಿಯೇ, 2024ರ ಏಪ್ರಿಲ್ 1ರಂದು, ಹಿಂದಿನ ವರ್ಷ ದೇಶದಿಂದ 21,083 ಕೋಟಿ ರೂಪಾಯಿಯ ರಕ್ಷಣಾ ಸಾಮಗ್ರಿ ರಫ್ತಾಯಿತೆಂದು ಸರಕಾರ ಹೆಮ್ಮೆಯಿಂದ ಪ್ರಕಟಿಸಿತು. ಇದು ಯಾರ ಕೈಗೆ ಹೋಯಿತು, ಯಾರ ಮೇಲೆ ಪ್ರಯೋಗವಾಗುತ್ತದೆ ಎಂದು ಕೇಳಿದ ಮಾತು ನಮ್ಮ ಕ್ಷೇತ್ರದ ಯಾವ ಪ್ರಚಾರಸಭೆಯಲ್ಲಿಯೂ ನನ್ನ ಕಿವಿಗೆ ಬೀಳಲಿಲ್ಲ. ನಾವು ಅಂದು ಸಂಜೆ ಓದಿದ ಪಾಠದಲ್ಲಿಯೇ ಅನರ್ಥದಂಡದ ಐದು ಭೇದಗಳಲ್ಲಿ ಒಂದಾಗಿ ‘ಹಿಂಸಾದಾನ’ ಬಂದಿತ್ತು. ಕೊಡಲಿ, ಕತ್ತಿ, ಸರಪಳಿ ಮೊದಲಾದ ಹಿಂಸಾಸಾಧನಗಳನ್ನು ಪರರಿಗೆ ಒದಗಿಸುವುದೆಂದು ಅದರ ಅರ್ಥ. ತನ್ನ ಗಡಿಯನ್ನು ಕಾಯಲು ಹಿಡಿದ ಶಸ್ತ್ರ ಬೇರೆ, ಲಾಭಕ್ಕಾಗಿ ಪರರಿಗೆ ಮಾರಿದ ಶಸ್ತ್ರ ಬೇರೆ. ಮೊದಲನೆಯದನ್ನು ವಿರೋಧೀ ಹಿಂಸೆಯೆಂದು ಸಹಿಸಬಹುದು. ಎರಡನೆಯದಕ್ಕೆ ಶ್ರಾವಕಾಚಾರದಲ್ಲಿ ನನಗೆ ಆಶ್ರಯ ಕಾಣಲಿಲ್ಲ.

ಇಷ್ಟು ತೀರ್ಮಾನಿಸಿ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ನನ್ನದೇ ಖಾತೆ ನೆನಪಾಯಿತು. ಕೆಲವು ವರ್ಷಗಳ ಹಿಂದೆ, ಲಾಭಾಂಶ ತಪ್ಪದೆ ಬರುತ್ತದೆಂದು, ಯುದ್ಧಸಾಮಗ್ರಿ ತಯಾರಿಸುವ ಕಂಪನಿಯೊಂದರ ಷೇರುಗಳನ್ನು ಕೊಂಡಿದ್ದೆ. ಅವುಗಳ ಬೆಲೆ ಹಲವು ಪಟ್ಟು ಏರಿತ್ತು. ಪತ್ರಿಕೆಯಲ್ಲಿ ರಫ್ತಿನ ಸುದ್ದಿ ಓದಿ ಮುಖ ಸಿಂಡರಿಸಿದ ದಿನವೇ, ಅದೇ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಆ ಬೆಲೆಯನ್ನು ನೋಡಿ ಒಳಗೊಳಗೇ ಹಿಗ್ಗಿದ್ದೆ. ದೂರದಲ್ಲಿ ಎಲ್ಲಿಯೋ ಯುದ್ಧ ನಡೆದರೆ ಬೆಲೆ ಏರುತ್ತದೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇತ್ತಲ್ಲವೇ? ಪರರ ವಧಬಂಧನಗಳನ್ನು ಬಯಸುವ ಚಿಂತನೆಗೆ ಅದೇ ಗ್ರಂಥ ಕೊಟ್ಟ ಹೆಸರು ‘ಅಪಧ್ಯಾನ’. ಪಕ್ಷಗಳನ್ನು ತೂಗಲು ಹಿಡಿದ ತಕ್ಕಡಿಯಲ್ಲಿ ಮೊದಲು ಕೂರಬೇಕಾದವನು ನಾನೇ ಆಗಿದ್ದೆ.

ಮರುದಿನ ಷೇರುಗಳನ್ನು ಮಾರಿದೆ. ಅಸಲನ್ನು ಇಟ್ಟುಕೊಂಡು, ಬಂದ ಲಾಭವನ್ನು ಹೆಸರು ಬರೆಸದೆ ಔಷಧದಾನಕ್ಕೆ ಕೊಟ್ಟೆ. ದಾನದಿಂದ ಆ ಹಣ ಶುದ್ಧವಾಯಿತೆಂದು ಹೇಳಲಾರೆ. ನಾನು ಮಾರಿದ್ದನ್ನು ಇನ್ನೊಬ್ಬರು ಕೊಂಡರು. ಜಗತ್ತಿನಲ್ಲಿ ಒಂದು ಗುಂಡೂ ಕಡಿಮೆಯಾಗಲಿಲ್ಲ. ಆದರೆ ಯುದ್ಧದ ಸುದ್ದಿ ಕೇಳಿ ಲಾಭವೆಣಿಸುವ ಅಭ್ಯಾಸ ನಿಂತಿತು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ನಾಲ್ಕು ದಿನ ಹೋರಾಟ ನಡೆದಾಗ ನಾನು ಯೋಧರ ಕ್ಷೇಮವನ್ನೂ ಶಾಂತಿಯನ್ನೂ ಮಾತ್ರ ಬಯಸಲು ಶಕ್ತನಾದೆ.

ಮತಗಟ್ಟೆಯಲ್ಲಿ ‘ನೋಟಾ’ ಒತ್ತಿ ಕೈತೊಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಅದಕ್ಕೆ ಎಷ್ಟೇ ಮತ ಬಿದ್ದರೂ ಹೆಚ್ಚು ಮತ ಪಡೆದ ಅಭ್ಯರ್ಥಿಯೇ ಗೆಲ್ಲುತ್ತಾನೆ. ತೂಗುವ ಕೆಲಸವನ್ನು ಪರರಿಗೆ ಬಿಟ್ಟಂತಾಗುತ್ತದೆ. ನಾನು ಮತ ಹಾಕಿದೆ. ಯಾರಿಗೆಂದು ಇಲ್ಲಿ ಹೇಳುವುದು ಉಚಿತವಲ್ಲ. ನನ್ನ ಮತ ಪಡೆದ ಪಕ್ಷವೂ ನನ್ನ ಎಲ್ಲ ಪ್ರಶ್ನೆಗಳನ್ನು ತೀರಿಸಿರಲಿಲ್ಲವೆಂದಷ್ಟೇ ಹೇಳಬಲ್ಲೆ. ಆದುದರಿಂದ ಗೆದ್ದುಬಂದ ಸದಸ್ಯರಿಗೆ, ಮಾರಿದ ಶಸ್ತ್ರಗಳು ಯಾರಿಗೆ ಹೋಗುತ್ತವೆಂದು ಸಂಸತ್ತಿನಲ್ಲಿ ಕೇಳಿರೆಂದು ಪತ್ರ ಬರೆದೆ. 2025-26ರ ಆಯವ್ಯಯದಲ್ಲಿ ರಕ್ಷಣೆಯ ಮೊತ್ತ 6,81,210 ಕೋಟಿಗೆ ಏರಿದಾಗ ಮತ್ತೊಮ್ಮೆ ಬರೆದೆ. ಮತ ಹಾಕಿದ ಮಾತ್ರಕ್ಕೆ ಶ್ರಾವಕನ ಹೊಣೆ ಮುಗಿಯುವುದಿಲ್ಲ.

ಟ್ರಸ್ಟುಗಳ ಹಿರಿಯರಲ್ಲಿ ಒಂದು ವಿನಂತಿ. ಬಸದಿಯ ಅಂಗಳದಲ್ಲಿ ಯಾವ ಪಕ್ಷದ ಪ್ರಚಾರಕ್ಕೂ ಅವಕಾಶ ಕೊಡಬೇಡಿ; ಆದರೆ ತರುಣರ ಪ್ರಶ್ನೆಗಳಿಗೆ ಬೇರೆಡೆ ಅವಕಾಶ ಮಾಡಿಕೊಡಿ. ಪ್ರಶ್ನೆ ಕೇಳಿದ ಆ ತರುಣನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: “ಪಕ್ಷವನ್ನ ನೀನೇ ಆರಿಸಪ್ಪ. ಆದರೆ ಅದಕ್ಕೂ ಮೊದಲು ನಿನ್ನ ಮನೆಯ ಖಾತೆಪುಸ್ತಕ ಒಮ್ಮೆ ತೆಗೆದು ನೋಡು.”