ಸಾರಥಿಗೆ ರಜೆಯಿಲ್ಲ

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದ ವಾರದಲ್ಲೇ ದಾವಣಗೆರೆಯ ವಿನೋಬನಗರದ ಮನೆಗಳಲ್ಲಿ ಬಿಡದಿಯ ಮನರಂಜನಾ ಪಾರ್ಕು ವಂಡರ್‌ಲಾ ಮಾತು ಏಳುತ್ತದೆ. ಹೋಗಬೇಕೋ ಬೇಡವೋ ಎಂದು ಚರ್ಚೆ ನಡೆಯುತ್ತದೆ, ಯಾವ ದಿನ ಎಂದು ನಡೆಯುತ್ತದೆ, ಟಿಕೆಟ್ ದರ ಕೇಳಿದ ಮೇಲಂತೂ ಜೋರಾಗಿಯೇ ನಡೆಯುತ್ತದೆ. ಹೇಗೆ ಹೋಗುವುದು ಎಂಬುದಕ್ಕೆ ಮಾತ್ರ ಚರ್ಚೆಯೇ ಇಲ್ಲ. ಮನೆ ಮುಂದೆ ಕಾರು ನಿಂತಿದೆಯಲ್ಲ! ವರ್ಷವಿಡೀ ಮಂಡಿಪೇಟೆಗೋ ಹರಿಹರದ ಬೀಗರ ಮನೆಗೋ ಹೋಗಿ ಬರುವ ಆ ಕಾರಿಗೆ ಕಂತು ಕಟ್ಟಿದ್ದಕ್ಕೆ ಒಂದು ಸಾರ್ಥಕತೆ ಬೇಕು. ಅದು ಇಂಥ ದೂರದ ಪ್ರವಾಸದಲ್ಲೇ ಸಿಗಬೇಕು ಎಂಬುದು ಒಳಗಿನ ತರ್ಕ. 1951ರಲ್ಲಿ ಪೋಚಂಪಲ್ಲಿಯಲ್ಲಿ ಭೂದಾನ ಶುರುಮಾಡಿ ವರ್ಷಗಟ್ಟಲೆ ಊರಿಂದೂರಿಗೆ ನಡೆದೇ ತಿರುಗಿದ ಮನುಷ್ಯನ ಹೆಸರಿನ ಬಡಾವಣೆಯಲ್ಲಿ ಈಗ ಬಸ್‌ಸ್ಟ್ಯಾಂಡಿನ ತನಕ ಹೋಗುವುದೂ ದೊಡ್ಡ ಮಾತು. ಅದಿರಲಿ. ವಿನೋಬರನ್ನು ಈ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಎಳೆಯುವುದು ನ್ಯಾಯವಲ್ಲ. ಅವರು ರೋಲರ್ ಕೋಸ್ಟರ್ ಹತ್ತಲು ಹೊರಟವರಲ್ಲ.

ನನ್ನ ವಾದ ಇಷ್ಟೇ: ಬೇರೆ ಯಾವ ಪ್ರವಾಸಕ್ಕೆ ಕಾರು ಒಪ್ಪಿದರೂ ಮನರಂಜನಾ ಪಾರ್ಕಿನ ಪ್ರವಾಸಕ್ಕೆ ಅದು ಒಪ್ಪುವುದಿಲ್ಲ. ಬಿಡದಿಯ ಆ 82 ಎಕರೆ ಜಾಗದಲ್ಲಿ 2005ರಿಂದ ಮಾರಾಟವಾಗುತ್ತಿರುವ ಸರಕು ಯಾವುದು ಎಂದು ಒಮ್ಮೆ ಯೋಚಿಸಿದರೆ ಇದು ತಿಳಿಯುತ್ತದೆ. ಅಲ್ಲಿ ದುಡ್ಡು ಕೊಟ್ಟು ಕೊಳ್ಳುವುದು, ಸ್ಟೇರಿಂಗ್ ಇಲ್ಲದ, ಬ್ರೇಕ್ ಇಲ್ಲದ ಒಂದು ಸೀಟನ್ನು. ಯಾರೋ ಪಟ್ಟಿ ಬಿಗಿಯುತ್ತಾರೆ, ಯಾರೋ ಗುಂಡಿ ಒತ್ತುತ್ತಾರೆ, ಯಂತ್ರ ನಮ್ಮನ್ನು ಎತ್ತಿ ತಿರುಗಿಸಿ ತಲೆಕೆಳಗು ಮಾಡಿ ಇಳಿಸುತ್ತದೆ. ಐದು ನಿಮಿಷ ನಮ್ಮ ಮೇಲೆ ಯಾವ ಹೊಣೆಯೂ ಇಲ್ಲ ಎಂಬುದೇ ಅಲ್ಲಿಯ ಸುಖ. ಅದಕ್ಕೇ ಅಲ್ಲಿ ಬ್ಯಾಂಕಿನ ಮ್ಯಾನೇಜರೂ ಅಕ್ಕಿ ವ್ಯಾಪಾರಿಯೂ ಮಕ್ಕಳಿಗಿಂತ ಜೋರಾಗಿ ಕಿರುಚುತ್ತಾರೆ. ಆದರೆ ಕಾರಿನಲ್ಲಿ ಬಂದ ಸಂಸಾರದಲ್ಲಿ ಒಬ್ಬನಿಗೆ ಮಾತ್ರ ಈ ಸುಖ ಅರ್ಧಂಬರ್ಧ. ಅವನ ಷರ್ಟಿನ ಜೇಬಿನಲ್ಲೋ ಲಾಕರಿನಲ್ಲೋ ಕಾರಿನ ಕೀಲಿ ಇದೆ, ತಲೆಯಲ್ಲಿ ರಾತ್ರಿಯ ಹೈವೇ ಇದೆ. ಅಲೆಯ ಕೊಳದಲ್ಲಿ ಕುತ್ತಿಗೆಯ ತನಕ ಮುಳುಗಿದ್ದಾಗಲೂ ಅವನು ಶಿರಾ ದಾಟುವಾಗ ಎಷ್ಟು ಹೊತ್ತಾದೀತು ಎಂದು ಲೆಕ್ಕ ಹಾಕುತ್ತಿರುತ್ತಾನೆ.

ಆ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು, ಹೆಬ್ಬಾಳು, ಗುಯಿಲಾಳು, ಕರಜೀವನಹಳ್ಳಿ ಟೋಲುಗಳಲ್ಲಿ ಫಾಸ್ಟ್ಯಾಗ್ ಕರಗಿಸುತ್ತ, ತುಮಕೂರು ದಾಟಿ, ಬೆಂಗಳೂರಿನ ಹೊಟ್ಟೆಯೊಳಗೆ ಹೋಗದೆ ನೈಸ್ ರಸ್ತೆಯಿಂದ ಮೈಸೂರು ರಸ್ತೆಗೆ ಬಿದ್ದರೆ ಪಾರ್ಕಿನ ಬಾಗಿಲಿಗೆ ಹತ್ತಿರ ಹತ್ತಿರ 280 ಕಿಲೋಮೀಟರ್. ಎಲ್ಲ ಸುಸೂತ್ರವಾದರೆ ಐದು ತಾಸು. ಬೆಳಿಗ್ಗೆ 11ರ ಹೊತ್ತಿಗೆ ಗೇಟಿನಲ್ಲಿರಬೇಕಾದರೆ ನಸುಕಿನ ಐದಕ್ಕೆ ಮನೆ ಬಿಡಬೇಕು. ಸಂಜೆ ಪಾರ್ಕು ಮುಚ್ಚಿ, ಒದ್ದೆ ಬಟ್ಟೆ ಬದಲಿಸಿ, ಕಾರು ಹುಡುಕಿ ಹೊರಟಾಗ ಏಳಾಗಿರುತ್ತದೆ. ಊಟಕ್ಕೆ ನಿಂತು ಊರು ಸೇರುವಾಗ ನಡುರಾತ್ರಿ ಮೀರಿರುತ್ತದೆ. ಹತ್ತೊಂಬತ್ತು ಇಪ್ಪತ್ತು ತಾಸಿನ ದಿನ, ಅದರ ನಡುವೆ ಏಳೆಂಟು ತಾಸು ಬಿಸಿಲು, ನೀರು, ಸರತಿ ಸಾಲು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಸಾಮಾನ್ಯ ನಿಯಮದಂತೆ ಸಂಬಳಕ್ಕೆ ಬಸ್ಸು ಓಡಿಸುವವನು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ದುಡಿಯುವಂತಿರಲಿಲ್ಲ. ಐದು ತಾಸಿಗೊಮ್ಮೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕಿತ್ತು. ವಿಶ್ರಾಂತಿಯೂ ಸೇರಿ ಅವನ ದಿನ ಹನ್ನೆರಡು ತಾಸು ಮೀರುವಂತಿರಲಿಲ್ಲ. ಸಂಬಳವಿಲ್ಲದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವನಿಗೆ ಯಾವ ಕಾಯ್ದೆಯೂ ಇಲ್ಲ. ಪರರ ಮಕ್ಕಳನ್ನು ಒಯ್ಯುವವನಿಗೆ ಕಾನೂನು ಅನುಮತಿ ಕೊಡದ ದಿನಚರಿಯನ್ನು ನಮ್ಮ ಮಕ್ಕಳನ್ನು ಒಯ್ಯಲು ನಾವು ವಿನೋದವೆಂದು ಆರಿಸಿಕೊಳ್ಳುತ್ತೇವೆ. ಹಿರಿಯೂರಿನ ಹತ್ತಿರ ಹಿಂದಿನ ಸೀಟಿನವರೆಲ್ಲ ಬಾಯಿ ತೆರೆದು ನಿದ್ದೆಹೋದಾಗ, ಒಬ್ಬನೇ ಎಚ್ಚರಿದ್ದು ಎದುರಿನ ಲಾರಿಯ ಕೆಂಪು ದೀಪ ನೋಡುತ್ತ ಕೂತವನ ರಜೆ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

‘ನಮ್ಮ ಕಾರಿದ್ದರೆ ನಾವು ಸ್ವತಂತ್ರರು’ ಎಂಬುದು ಕಾರಿನ ಪಕ್ಷದ ಮೊದಲ ಮಾತು. ಮಾತು ಸುಳ್ಳಲ್ಲ, ಆದರೆ ಆ ಸ್ವಾತಂತ್ರ್ಯದ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂದು ನೋಡಬೇಕು. ಜನ ಗುಂಪುಗೂಡುವ ಜಾಗಗಳೆಲ್ಲ ಈಗ ಕಾರನ್ನು ದೂರದಲ್ಲೇ ತಡೆಯುತ್ತಿವೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ಇದು ಗೊತ್ತು: ಲಲಿತಮಹಲ್ ಪಕ್ಕದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕಂತೂ ಖಾಸಗಿ ವಾಹನ ಬೆಟ್ಟದ ಬುಡದ ತನಕ ಮಾತ್ರ. ಅಲ್ಲಿಂದ ಮೇಲಕ್ಕೆ ಸರಕಾರಿ ಬಸ್ಸೇ ಗತಿ. ಎಷ್ಟೇ ದೊಡ್ಡ ಕಾರಿನಲ್ಲಿ ಬಂದವನೂ ಅಲ್ಲಿ ಕಂಬಿ ಹಿಡಿದು ನಿಲ್ಲುತ್ತಾನೆ, ಮತ್ತು ಹಾಗೆ ನಿಂತದ್ದರಿಂದ ಯಾರ ಭಕ್ತಿಗೂ ಕುಂದು ಬಂದದ್ದಿಲ್ಲ. ಇನ್ನು ಈ ಉದ್ಯಮದ ತವರಿನ ಸಂಗತಿ. ಅಮೆರಿಕದ ಮಗಳ ಮನೆಗೆ ಹೋದ ನಮ್ಮೂರಿನ ಅಪ್ಪ ಅಮ್ಮಂದಿರನ್ನು ಮೊಮ್ಮಕ್ಕಳು ತಪ್ಪದೆ ಎಳೆದೊಯ್ಯುವ ಫ್ಲಾರಿಡಾದ ಡಿಸ್ನಿ ವರ್ಲ್ಡ್ 1971ರಲ್ಲಿ ತೆರೆಯಿತು. ಅಲ್ಲಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ವಾಹನ ನಿಲ್ದಾಣ ಇರುವುದು ಒಂದು ಕೃತಕ ಸರೋವರದ ಈಚೆ ದಡದಲ್ಲಿ. ಪಾರ್ಕು ಆಚೆ ದಡದಲ್ಲಿ. ಕಾರು ನಿಲ್ಲಿಸಿದವರು ಮೋನೋರೈಲನ್ನೋ ದೋಣಿಯನ್ನೋ ಹತ್ತಿ ದಾಟಬೇಕು. ಅದೇ ಡಿಸ್ನಿಯ ಹೋಟೆಲುಗಳಿಂದ ಬರುವ ಷಟಲ್ ಬಸ್ಸು ಜನರನ್ನು ಪಾರ್ಕಿನ ಬಾಗಿಲ ಹತ್ತಿರವೇ ಇಳಿಸುತ್ತದೆ. ಕಾರುಗಳ ದೇಶವೆಂದೇ ಹೆಸರಾದ ನಾಡಿನಲ್ಲಿ, ಅದರ ಅತಿ ದೊಡ್ಡ ಆಟದ ಅಂಗಳದಲ್ಲಿ, ಬಸ್ಸಿನವನು ಕಾರಿನವನಿಗಿಂತ ಮುಂದೆ ಇಳಿಯುತ್ತಾನೆ. ಲಕ್ಷಗಟ್ಟಲೆ ಜನರನ್ನು ಸಾಗಿಸಿ ಪಳಗಿದವರು ಬೇಕೆಂದೇ ಕಟ್ಟಿದ ವ್ಯವಸ್ಥೆ ಅದು.

ಖರ್ಚಿನ ಮಾತಿಗೆ ಬಂದರೆ ಕಾರಿನ ಪಕ್ಷ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ: ಐದು ಜನ ತುಂಬಿದರೆ ತಲೆಗೆ ಬೀಳುವ ಪೆಟ್ರೋಲು ಕಡಿಮೆ ಎಂದು. ಹೋಗಿ ಬರುವ 560 ಕಿಲೋಮೀಟರಿಗೆ, ಲೀಟರಿಗೆ ಹದಿನೈದು ಕೊಡುವ ಕಾರಾದರೆ, 37 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಮೂರು ಸಾವಿರದ ಏಳುನೂರು, ಮೇಲೆ ಟೋಲು, ಮೇಲೆ ಪಾರ್ಕಿಂಗು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಈ ವಾದದ ಬುಡವೇ ಅಲುಗಾಡಿದೆ. ಅಮ್ಮ, ಮಗಳು, ಅತ್ತೆ ಮೂವರೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಬೆಂಗಳೂರಿಗೂ, ಅಲ್ಲಿಂದ ಬಿಎಂಟಿಸಿಯಲ್ಲಿ ಬಿಡದಿಯ ಕಡೆಗೂ ಒಂದು ಪೈಸೆಯಿಲ್ಲದೆ ಹೋಗುತ್ತಾರೆ. ಟಿಕೆಟ್ ಬೀಳುವುದು ಅಪ್ಪನಿಗೊಂದು, ಮಗನಿಗೆ ಅರ್ಧ. ರಾಜಹಂಸ, ಐರಾವತ ಬೇಕೆಂದರೆ ಆ ಉಚಿತ ಇಲ್ಲ ನಿಜ. ಸಾಮಾನ್ಯ ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿದೆ ಎಂಬುದೂ ನಿಜ. ಆದರೆ ಅಗ್ಗ ಎಂಬ ಕಾರಣಕ್ಕೆ ಕಾರನ್ನು ಆರಿಸುವವರು ಈಗ ಬೇರೆ ಕಾರಣ ಹುಡುಕಬೇಕು.

ಲಗೇಜಿನ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡಿಕ್ಕಿಯಲ್ಲಿ ಬುತ್ತಿ, ಮಂಡಕ್ಕಿ, ಬದಲಿ ಬಟ್ಟೆ ಎಲ್ಲ ತುಂಬಬಹುದು ಎನ್ನುತ್ತಾರೆ. ಪಾರ್ಕಿನ ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಬಟ್ಟೆಗೆ ಲಾಕರ್ ಇದೆ. ತಂದ ಬುತ್ತಿಯನ್ನು ಪಾರ್ಕಿಂಗ್ ಜಾಗದ ಬಿಸಿಲಲ್ಲಿ ನಿಂತು ತಿನ್ನುವ ಸೌಭಾಗ್ಯಕ್ಕಾಗಿ 37 ಲೀಟರ್ ಪೆಟ್ರೋಲು ಸುಡಬೇಕೆ?

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪ ಇನ್ನೊಂದಿದೆ. ಬಸ್ಸು ಕಾರಿಗಿಂತ ಸುರಕ್ಷಿತ ಎಂದು ಹೇಗೆ ಹೇಳುತ್ತೀರಿ? 2020ರ ಆಗಸ್ಟಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಇದೇ ಹಿರಿಯೂರಿನ ಬಳಿ ರಾತ್ರಿ ಹೊತ್ತಿ ಉರಿದು ಐವರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಆ ಸುದ್ದಿ ಓದಿದ ತಾಯಿ ಸ್ಲೀಪರ್ ಬಸ್ಸಿಗೆ ಮಕ್ಕಳನ್ನು ಹತ್ತಿಸಲು ಹೆದರಿದರೆ ಅದನ್ನು ಹುಸಿ ಅಂಜಿಕೆ ಎನ್ನಲಾಗದು. ಆದರೆ ಆ ಅಂಜಿಕೆ ಹೇಳುವುದು ರಾತ್ರಿಯ ಹೆದ್ದಾರಿಯ ಅಪಾಯವನ್ನು, ಮತ್ತು ಅದೇ ರಾತ್ರಿ, ಅದೇ ಹೆದ್ದಾರಿ, ದಣಿದು ತೂಕಡಿಸುವ ಅಪ್ಪನ ಕಾರಿಗೂ ಕಾದಿರುತ್ತದೆ. ತಪ್ಪಿಸಿಕೊಳ್ಳುವ ದಾರಿ ರೈಲು. ದಾವಣಗೆರೆಗೆ ಆ ಭಾಗ್ಯ ಹಳೆಯದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಜನಶತಾಬ್ದಿ ಇದೆ. 2023ರ ಜೂನ್ 27ರಂದು ಶುರುವಾದ ಧಾರವಾಡ ವಂದೇ ಭಾರತ್ ಮಧ್ಯಾಹ್ನದ ಮೇಲೆ ದಾವಣಗೆರೆಗೆ ಬಂದು ಕತ್ತಲಾಗುವ ಹೊತ್ತಿಗೆ ಬೆಂಗಳೂರು ಮುಟ್ಟಿಸುತ್ತದೆ. ರಾತ್ರಿ ಅಲ್ಲಿ ತಂಗಿ, ಮರುದಿನ ಪೂರ್ತಿ ಆಡಿ, ಅಂದೇ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ನಸುಕಿಗೆ ಊರು. ನಿದ್ದೆ ಎಲ್ಲರದೂ. ಒಂದು ರಾತ್ರಿಯ ಲಾಡ್ಜ್ ಖರ್ಚು ಕೂಡಿತು ಎಂದು ಲೆಕ್ಕದವರು ಹೇಳಿಯಾರು. ಕೂಡಲಿ, ಕಾರಿನವನು ಉಳಿಸಿದ್ದು ಆ ಲಾಡ್ಜಿನ ನಿದ್ದೆಯನ್ನೇ ಅಲ್ಲವೆ?

ಬಸ್ಸಿನ ಪಕ್ಷಕ್ಕೆ ನಿಜವಾದ ಸೋಲು ಕೊನೆಯ ಹತ್ತು ಕಿಲೋಮೀಟರಿನಲ್ಲಿದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೆಜೆಸ್ಟಿಕ್ಕಿನಿಂದ ಮೆಟ್ರೊ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದ ತನಕ ಬಂದಿದೆ; ಅಲ್ಲಿಂದಾಚೆ ಪಾರ್ಕಿಗೆ ಇನ್ನೂ ಹತ್ತು ಹನ್ನೊಂದು ಕಿಲೋಮೀಟರ್. ಬಿಎಂಟಿಸಿ ಬಸ್ಸುಗಳಿವೆ, ಆದರೆ ಎರಡು ಮಕ್ಕಳು, ಮೂರು ಚೀಲ, ಒಬ್ಬ ಅಜ್ಜಿ ಇರುವ ಸಂಸಾರ ರಸ್ತೆ ಬದಿ ನಿಂತು ‘ಈ ಬಸ್ಸು ಹೋಗುತ್ತಾ?’ ಎಂದು ಕೇಳುವ ಆ ಇಪ್ಪತ್ತು ನಿಮಿಷದಲ್ಲೇ ಮುಂದಿನ ವರ್ಷ ಕಾರು ತರುವುದೆಂದು ತೀರ್ಮಾನವಾಗುತ್ತದೆ. ಸಂಜೆ ಪಾರ್ಕು ಮುಚ್ಚಿದಾಗ ಎಲ್ಲರೂ ಒಟ್ಟಿಗೇ ಹೊರಬೀಳುವುದರಿಂದ ಪೇಚಾಟ ಇನ್ನೂ ಹೆಚ್ಚು. ಜನರ ಕಾರು ಮೋಹವನ್ನು ಬೈಯುವ ಲೇಖನಗಳು ಈ ಇಪ್ಪತ್ತು ನಿಮಿಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದರೆ ಪರಿಹಾರ ಕಷ್ಟದ್ದಲ್ಲ. ಮಳೆಗಾಲದ ವಾರಾಂತ್ಯಗಳಲ್ಲಿ ದಾವಣಗೆರೆಯಿಂದ ಜೋಗಕ್ಕೆ ಕೆಎಸ್‌ಆರ್‌ಟಿಸಿ ವಿಶೇಷ ಪ್ರವಾಸಿ ಬಸ್ಸು ಬಿಟ್ಟದ್ದುಂಟು. ಬೆಳಿಗ್ಗೆ ಹೋಗಿ ಜಲಪಾತ ತೋರಿಸಿ ರಾತ್ರಿ ವಾಪಸ್. ಏಪ್ರಿಲ್, ಮೇ ತಿಂಗಳಲ್ಲೂ ದಸರಾ ರಜೆಯಲ್ಲೂ ಅದೇ ಪದ್ಧತಿಯಲ್ಲಿ ಹರಿಹರದಿಂದ ಹೊರಟು ದಾವಣಗೆರೆ, ಚಿತ್ರದುರ್ಗದಲ್ಲಿ ಜನರನ್ನು ಹತ್ತಿಸಿಕೊಂಡು ಬಿಡದಿಯ ಗೇಟಿಗೇ ಇಳಿಸುವ ಒಂದು ಬಸ್ಸು, ಇಬ್ಬರು ಚಾಲಕರು. ಪ್ರವೇಶದ ಟಿಕೆಟ್ಟನ್ನೂ ಬಸ್ಸಿನ ಟಿಕೆಟ್ಟಿನ ಜೊತೆಗೇ ಕೊಟ್ಟರೆ ಇನ್ನೂ ಸರಿ. ಸೀಟು ತುಂಬದೆ ಹೋದೀತೆಂಬ ಭಯಕ್ಕೆ ಕಾರಣ ಕಾಣೆ. ರಜೆಯಲ್ಲಿ ನಮ್ಮ ಶಾಲೆಗಳ, ಟ್ಯೂಷನ್ನುಗಳ ಪ್ರವಾಸದ ಬಸ್ಸುಗಳು ತುಂಬಿಯೇ ಹೋಗುತ್ತವೆ.

ಕಾರೇ ಸರಿ ಎನ್ನುವ ಪ್ರವಾಸಗಳೂ ಇವೆ. ಮಂಡಿ ನೋವಿನ ಅಜ್ಜಿಯನ್ನು ಕರೆದುಕೊಂಡು ಹರಿಹರೇಶ್ವರನ ಗುಡಿ, ಅಲ್ಲಿಂದ ಸಂಬಂಧಿಕರ ಮನೆ, ಸಂಜೆ ಕುಂದುವಾಡ ಕೆರೆ, ಗಾಜಿನ ಮನೆ ಎಂದು ನಾಲ್ಕು ಕಡೆ ನಿಂತು ನಿಂತು ಹೋಗುವುದಾದರೆ ಬಸ್ಸಿನ ಮಾತೆತ್ತುವುದು ಕ್ರೌರ್ಯ. ದಾರಿ ಚಿಕ್ಕದು, ನಿಲ್ದಾಣ ಹಲವು, ಓಡಿಸುವವನೂ ಪ್ರತಿ ನಿಲ್ದಾಣದಲ್ಲಿ ಇಳಿದು ಕಾಫಿ ಕುಡಿಯುತ್ತಾನೆ. ಪಾರ್ಕಿನ ಪ್ರವಾಸ ಇದಕ್ಕೆ ತದ್ವಿರುದ್ಧ: ಹೋಗುವ ಜಾಗ ಒಂದೇ, ದಾರಿ ಉದ್ದ, ದಿನವಿಡೀ ಕಾರು ಬಿಸಿಲಲ್ಲಿ ಸುಮ್ಮನೆ ನಿಂತಿರುತ್ತದೆ.

ನಮ್ಮ ಬಡಾವಣೆಯವರು ಈ ಎರಡರ ನಡುವೆ ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ, ಅದು ಟಿಟಿ. ಎರಡು ಮೂರು ಮನೆಯವರು ಸೇರಿ ಟೆಂಪೊ ಟ್ರಾವೆಲರ್ ಗೊತ್ತುಮಾಡುತ್ತಾರೆ. ಅಂತ್ಯಾಕ್ಷರಿ, ಮಂಡಕ್ಕಿ, ಗೇಟಿನ ತನಕ ಪ್ರಯಾಣ, ಯಾರ ಅಪ್ಪನೂ ಎಚ್ಚರಿರಬೇಕಾಗಿಲ್ಲ. ಒಳ್ಳೆಯ ಉಪಾಯ. ಆದರೆ ನಸುಕಿನ ಐದಕ್ಕೆ ಹೊರಟು ನಡುರಾತ್ರಿ ಮರಳುವ ಅದೇ ದಿನಚರಿ ಈಗ ಬಾಡಿಗೆಯ ಹುಡುಗನೊಬ್ಬನ ತಲೆಗೆ ಹೋಗಿರುತ್ತದೆ. ನಾವು ಅಲೆಯ ಕೊಳದಲ್ಲಿದ್ದಾಗ ಅವನು ಪಾರ್ಕಿಂಗಿನಲ್ಲಿ ಗಾಡಿಯ ಸೀಟು ಮಡಚಿ, ಕಾದ ತಗಡಿನ ಕೆಳಗೆ ಮಲಗಲು ನೋಡುತ್ತಿರುತ್ತಾನೆ. ಕಿಲೋಮೀಟರಿಗೆ ಎಷ್ಟು ಎಂದು ಚೌಕಾಸಿ ಮಾಡುವಾಗಲೇ ಒಂದು ರಾತ್ರಿ ಹಾಲ್ಟ್ ಎಂದೋ ಇಬ್ಬರು ಡ್ರೈವರ್ ಎಂದೋ ಮಾತಾಡಿಕೊಂಡರೆ ಬಾಡಿಗೆ ಸಾವಿರವೋ ಎರಡು ಸಾವಿರವೋ ಏರೀತು. ಹದಿಮೂರು ಜನರ ಮೇಲೆ ಹಂಚಿದರೆ ಅದು ಪಾರ್ಕಿನೊಳಗೆ ತಲೆಗೊಂದು ಊಟದ ಬೆಲೆಯೂ ಆಗಲಿಕ್ಕಿಲ್ಲ.