ಕಡಲ ಹೂವಿಗೆ ಎಂಥ ದೀಪ?

ಹಲಗೇರಿಯ ನಮ್ಮ ಹೊಲದಲ್ಲಿ ಬೇವಿನ ಮರದ ನೆರಳಿಗೆ ಸಿಕ್ಕ ಗೋವಿನಜೋಳ ಯಾವಾಗಲೂ ಬಡಕಲು. ಬೆಂಗಳೂರಿನಲ್ಲಿರುವ ಅಣ್ಣ ಉಪ್ಪುನೀರಿನ ಅಕ್ವೇರಿಯಂ ಇಟ್ಟು, "ಇದಕ್ಕ ಯಾವ ದೀಪ ಹಾಕಬೇಕೋ ತಮ್ಮಾ?" ಎಂದು ಕೇಳಿದಾಗ ನನಗೆ ಆ ಜೋಳವೇ ನೆನಪಾಯಿತು.

ತೊಟ್ಟಿಯಲ್ಲಿ ಮೆದು ಹವಳಗಳೂ ಒಂದು ಕಡಲ ಹೂವೂ ಇದ್ದವು. ಮಕ್ಕಳೇ, ಹೆಸರು ಹೂವಾದರೂ ಅದು ಪ್ರಾಣಿ. ಹವಳವೂ ಪ್ರಾಣಿಯೇ. ಪ್ರಾಣಿಗೆ ಬೆಳಕೇಕೆ ಎನ್ನುತ್ತೀರಾ? ಇವುಗಳ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ವಾಸವಾಗಿವೆ. ಅವು ಬೆಳಕಿನಲ್ಲಿ ಆಹಾರ ತಯಾರಿಸಿ, ಇರಲು ಜಾಗ ಕೊಟ್ಟ ಪ್ರಾಣಿಗೂ ಪಾಲು ಕೊಡುತ್ತವೆ. ಅಣ್ಣನ ತೊಟ್ಟಿಯ ಮೇಲೆ ಮನೆಯ ಹಳದಿ ಬಲ್ಬೊಂದೇ ಇತ್ತು. ಕಡಲ ಹೂವು ಕಂದುಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತಿತ್ತು. ನೋಡಲು ಚೆಂದವೇ, ಆದರೆ ಅದು ಉಪವಾಸದ ಬಿಳುಪು.

ಕಡಲಿನಲ್ಲಿ ಕೆಂಪು ಬೆಳಕನ್ನು ನೀರು ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ. ನೀಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಈ ಪಾಚಿಗಳು ನೀಲಿ ಬೆಳಕಿಗೆ ಹೊಂದಿಕೊಂಡಿವೆ. ಆದ್ದರಿಂದ ನೀಲಿ-ಬಿಳಿ ಎಲ್‌ಇಡಿ ದೀಪ ಆರಿಸಿದೆವು. ಮೊದಲು ಎತ್ತರದಲ್ಲಿ ತೂಗುಹಾಕಿ, ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಇಳಿಸಿದೆವು. ನೆರಳಿನ ಸಸಿಯನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಬಾಡುವುದಿಲ್ಲವೇ? ಅಣಬೆ ಹವಳಕ್ಕೆ ಕಡಿಮೆ ಬೆಳಕು ಸಾಕು, ಅದನ್ನು ತಳದಲ್ಲಿಟ್ಟೆವು. ಕಡಲ ಹೂವಿನ ಜಾಗವನ್ನು ಮಾತ್ರ ನಾವು ಗೊತ್ತುಮಾಡಲಿಲ್ಲ. ಅದಕ್ಕೊಂದು ಪಾದವಿದೆ! ಬೆಳಗಾಗಿ ನೋಡಿದರೆ ತಾನೇ ತೆವಳಿ ಬಂಡೆಯ ನೆತ್ತಿ ಏರಿತ್ತು. ದಿನಕ್ಕೆ 10 ಗಂಟೆ ದೀಪ, ರಾತ್ರಿ ಕತ್ತಲೆ. 3 ತಿಂಗಳಲ್ಲಿ ಕರಬಳ್ಳಿಗಳಿಗೆ ಕಂದುಬಣ್ಣ ಮರಳಿತು.

ನಮ್ಮ ರಾಜ್ಯದಲ್ಲೂ ಹವಳಗಳಿವೆ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ. ಕಿತ್ತು ತರುವಂತಿಲ್ಲ; ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಲ್ಲಿ ಸೂರ್ಯನೇ ದೀಪ. ಮಳೆಗಾಲದಲ್ಲಿ ನೀರು ಕದಡಿದಾಗ ಅವಕ್ಕೂ ಬೆಳಕು ಕಡಿಮೆಯಾಗುತ್ತದೆ.