ಒಂದು ಬೇರು, ನಾಲ್ಕು ಕಾಂಡ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ರೋನ್ ನದಿಯ ಬಯಲನ್ನು ಬಿಟ್ಟು ಪೂರ್ವಕ್ಕೆ ಹೊರಳಿದರೆ, ಬೆಟ್ಟಗಳ ಮಡಿಲಿನಲ್ಲಿ ನ್ಯೋನ್ಸ್ ಎಂಬ ಪುಟ್ಟ ಪಟ್ಟಣವಿದೆ. ಒಂದೇ ಕಮಾನಿನ ಹಳೆಯ ಕಲ್ಲುಸೇತುವೆ. ಅದರಾಚೆ ಇಳಿಜಾರಿನುದ್ದಕ್ಕೂ ಆಲಿವ್ ತೋಪುಗಳು. ಗಾಳಿ ಬೀಸಿದಾಗ ಎಲೆಗಳು ಮಗುಚಿ, ಹಸುರು ಮರೆಯಾಗಿ ಬೆಳ್ಳಿ ಮಿನುಗುತ್ತದೆ. ಈ ಮರಗಳಲ್ಲಿ ಅನೇಕವು ಒಂಟಿ ಕಾಂಡದ ಮೇಲೆ ನಿಂತಿಲ್ಲ. ಮೂರು ನಾಲ್ಕು ಕಾಂಡಗಳು ಬಳೆಯಾಕಾರವಾಗಿ ಒಂದೇ ಬುಡದಿಂದ ಎದ್ದಿವೆ. ಹೊಸ ಪ್ರವಾಸಿಗೆ ಇದು ತೋಟಗಾರನ ಕೈಚಳಕದಂತೆ ಕಂಡೀತು. ನಿಜಕ್ಕೂ ಇದು 1956ರ ಫೆಬ್ರವರಿ ತಿಂಗಳು ಉಳಿಸಿಹೋದ ಗುರುತು.

ಆ ವರ್ಷದ ಜನವರಿ ಬೆಚ್ಚಗಿತ್ತು. ವಸಂತವೇ ಬಂದಿತೆಂದು ನಂಬಿದ ಮರಗಳಲ್ಲಿ ಜೀವರಸ ಏರತೊಡಗಿತ್ತು. ಫೆಬ್ರವರಿಯ ಆರಂಭದಲ್ಲಿ ಉತ್ತರದ ಶೀತಗಾಳಿ ಹಠಾತ್ತನೆ ನುಗ್ಗಿತು. ಪ್ರಾವೆನ್ಸ್ ಸೀಮೆಯ ಹಲವೆಡೆ ಉಷ್ಣತೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಕ್ಕೆ ಜಾರಿತು. ಚಳಿ ಸುಮಾರು ಮೂರು ವಾರ ಬಿಡಲಿಲ್ಲ. ಕಾಂಡಗಳ ತೊಗಟೆ ಉದ್ದುದ್ದ ಸೀಳಿತು. ಲಕ್ಷಗಟ್ಟಲೆ ಮರಗಳ ಎಲೆ ಸುಟ್ಟಂತೆ ಕಂದಿತು.

ಊರ ಚೌಕಗಳಲ್ಲಿ ನೆರಳೀಯುವ ಪ್ಲೇನ್ ಮರಕ್ಕೆ ಇಷ್ಟು ಭಯವಿಲ್ಲ. ಹಗಲು ಕಿರಿದಾಗುತ್ತಲೇ ಅದು ಎಲೆ ಕಳಚಿ, ಒಳಗಿಂದೊಳಗೆ ಚಳಿಗೆ ಸಜ್ಜಾಗಿ ಮಲಗುತ್ತದೆ. ಹಾಗೆ ಹದಗೊಂಡ ಮರದಲ್ಲಿ ಮಂಜುಗಡ್ಡೆ ಜೀವಕೋಶಗಳ ಹೊರಗಡೆಯೇ ಕಟ್ಟುತ್ತದೆ. ನೀರು ಕಳೆದುಕೊಂಡ ಕೋಶ ಸೊರಗಿದರೂ ಸಾಯದು. ಆಲಿವ್ ನಿತ್ಯಹಸುರಿನ ಮರ. ಅದರ ನಿದ್ದೆ ಬಲು ತೆಳು. ಅದೂ ಎಚ್ಚತ್ತ ಗಳಿಗೆಯಲ್ಲಿ ಪೆಟ್ಟು ಬಿದ್ದರೆ ಕೇಳಬೇಕೆ?

ಆದರೆ ಮಣ್ಣು ತನ್ನೊಳಗಿನ ಬೇರುಗಳನ್ನು ಕಾಪಾಡಿತ್ತು. ಈ ರಕ್ಷಣೆ ಸಸಿತೋಟದ ಕುಂಡದ ಗಿಡಕ್ಕಿಲ್ಲ. ಚಳಿ ಅದನ್ನು ಸುತ್ತಲಿಂದಲೂ ಹಿಡಿಯುತ್ತದೆ, ಬೇರಿಗಂತೂ ಕೊಂಬೆಯಷ್ಟು ತಾಳ್ಮೆಯಿಲ್ಲ. ಆದಕಾರಣವೇ ಶೀತದೇಶದ ಸಸಿಗಾರರು ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ ಹುಲ್ಲು ಹೊದಿಸುತ್ತಾರೆ. ನೆಲದ ಮೇಲೆ ದಪ್ಪನಾಗಿ ಬಿದ್ದ ಹಿಮವೂ ಒಂದು ಕಂಬಳಿಯೇ.

ಬೆಳೆಗಾರನ ಮುಂದೆ ಈಗ ಕಠಿಣವಾದ ಪ್ರಶ್ನೆ. ತಾತ ನೆಟ್ಟ ಮರವನ್ನು ನೆಲಮಟ್ಟಕ್ಕೆ ಕಡಿದು ಚಿಗುರಿಗಾಗಿ ಕಾಯುವುದೋ, ಬುಡವನ್ನೇ ಕಿತ್ತು ಬೇರೆ ಬೆಳೆ ಹಾಕುವುದೋ? ಚಿಗುರು ಮರಳಿ ಫಲ ಕೊಡಲು ವರ್ಷಗಳೇ ಬೇಕು. ಮನೆಯ ಖರ್ಚು ಅಷ್ಟು ದಿನ ಕಾಯುವುದೆ? ಅನೇಕರು ಕಿತ್ತರು. ದ್ರಾಕ್ಷಿಯೂ ಏಪ್ರಿಕಾಟೂ ಆ ಜಾಗಕ್ಕೆ ಬಂದವು. ಅವರನ್ನು ದೂರುವುದು ನ್ಯಾಯವಲ್ಲ.

ಕಾದವರಿಗೂ ಒಂದು ಆತಂಕವಿತ್ತು. ಕಡ್ಡಿಯಿಂದಲೇ ಬೇರೂರಿದ ಮರವಾದರೆ ಬುಡದ ಚಿಗುರೂ ಅದೇ ಜಾತಿ. ಕಾಡು ಆಲಿವ್‌ಗೆ ಕಸಿಮಾಡಿದ ಮರವಾದರೆ, ಕಸಿಯ ಕೆಳಗಿಂದ ಹೊರಟದ್ದು ಕಾಡುಗಿಡವೇ, ಮತ್ತೆ ಕಸಿಯಾಗಬೇಕು. ಎಂದೋ ಸಸಿಗಾರನೊಬ್ಬ ಮಾಡಿದ ಕೆಲಸದ ಫಲ ಹೀಗೆ ಮೊಮ್ಮಗನ ಕಾಲಕ್ಕೆ ಬಯಲಾಯಿತು.

ಬುಡದಿಂದೆದ್ದ ಹತ್ತಾರು ಚಿಗುರುಗಳಲ್ಲಿ ಮೂರು ನಾಲ್ಕನ್ನುಳಿಸಿ ಮಿಕ್ಕವನ್ನು ಸವರಿದರು. ನ್ಯೋನ್ಸಿನ ಕಪ್ಪು ಆಲಿವ್‌ಗೆ 1994ರಲ್ಲಿ ಸರ್ಕಾರದ ಮೂಲಸ್ಥಾನ ಮುದ್ರೆಯೂ ದೊರೆಯಿತು. ಕೊಯ್ಲು ಇಂದಿಗೂ ಚಳಿಗಾಲದಲ್ಲೇ. ಕಾಯಿ ಕಪ್ಪಾಗಿ ಸುಕ್ಕುಗಟ್ಟಿದ ಮೇಲೆ ಏಣಿ ಚಾಚುತ್ತಾರೆ. ಏಣಿಯ ಕಾಲು ಊರುವ ಕಾಂಡಗಳ ನಡುವೆ, ಹಳೆಯ ಮರವಿದ್ದೆಡೆ, ಒಂದು ಬರಿದಾದ ವೃತ್ತವಿರುತ್ತದೆ.